ನಾಲ್ಕು ಹೆಲ್ಮೆಟ್

ಮೈಸೂರಿನಿಂದ ಹೈದರಾಬಾದಿಗೆ ಬಂದು ಎಂಟು ತಿಂಗಳಾಗಿತ್ತು. ಕೊಂಡಾಪುರದಲ್ಲಿ ನಮ್ಮ ಕಂಪನಿಯ ಹೊಸ ಕಟ್ಟಡ ಏಳುತ್ತಿತ್ತು. ಇಪ್ಪತ್ತು ದೇಶಗಳ ಕಚೇರಿಗಳಿಗೂ ಒಂದೇ ನೀತಿಸಂಹಿತೆ. ಅದರ ಪುಸ್ತಿಕೆ ಮಾಡುವುದು ನನ್ನ ಕೆಲಸ. 'ಮನುಷ್ಯನ ಜೀವಕ್ಕೆ ಎಲ್ಲೆಡೆ ಒಂದೇ ಬೆಲೆ' ಎಂಬ ಪುಟಕ್ಕೆ ಫೋಟೋ ಬೇಕಿತ್ತು. ನಾನೇ ಕ್ಯಾಮೆರಾ ಹಿಡಿದು ಹೋದೆ.

ಗಾರೆ ಕೆಲಸದವರು ಹನ್ನೆರಡು ಜನ, ಹೆಲ್ಮೆಟ್ ನಾಲ್ಕು. ಮೇಸ್ತ್ರಿ ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರಿಗೆ ಹಾಕುತ್ತಾ ಒಬ್ಬೊಬ್ಬರನ್ನೇ ನಿಲ್ಲಿಸಿದ. ರಾಯಚೂರು ಕಡೆಯ ಬೂದೆಪ್ಪನ ಸರದಿ ಬಂದಾಗ ಅವನ ಹೆಂಡತಿ ಯಂಕಮ್ಮ ಇಟ್ಟಿಗೆ ಬುಟ್ಟಿ ಇಳಿಸಿ ನಕ್ಕಳು.

"ಮದಿವ್ಯಾಗ ಬಾಸಿಂಗ ಕಟ್ಟಿದಾಗೂ ಹಿಂಗ ನೆಟ್ಟಗ ನಿಂತಿದ್ದಿಲ್ಲ ನೋಡ್ರಿ ಅಕ್ಕಾರ, ಈ ಮನಷ್ಯಾ!"

"ಸುಮ್ನಿರಲೇ, ಫೋಟೋ ಕೆಡ್ತೈತಿ" ಎಂದ ಅವನು, ತುಟಿ ಅಲುಗಿಸದೆ.

ಕ್ಲಿಕ್ಕಿಸಿದೆ. ಆಮೇಲೆ ನಾಲ್ಕೂ ಹೆಲ್ಮೆಟ್ ಚೀಲ ಸೇರಿ ಸ್ಟೋರಿಗೆ ಹೋದವು. ಅದನ್ನೂ ನೋಡಿದೆ.

ಹದಿನೈದು ದಿನಕ್ಕೆ ಬೂದೆಪ್ಪ ನಾಲ್ಕನೆಯ ಮಹಡಿಯಿಂದ ಬರಿತಲೆಯಲ್ಲಿ ಬಿದ್ದು ಸತ್ತ.

ಕಂಪನಿಯ ವಿಚಾರಣೆಯ ದಿನ ಯಂಕಮ್ಮ ಗೇಟಿನಲ್ಲಿ ನನ್ನ ಕೈ ಹಿಡಿದಳು. "ಅಕ್ಕಾರ, ಹೆಲ್ಮೆಟ್ ಕೊಟ್ಟಿದ್ರೂ ಹಾಕ್ಕೊಂಡಿಲ್ಲ, ತಪ್ಪು ಅವಂದ ಅಂತ ಬರ್ಯಾಕತ್ತಾರಂತ. ಕಸಗೊಂಡಿದ್ದು ನೀವು ಕಣ್ಣಾರೆ ನೋಡೀರಿ. ಅಷ್ಟು ಹೇಳ್ರಿ, ಸಾಕು."

"ಹೇಳ್ತೀನಮ್ಮ" ಎಂದೆ.

ಒಳಗೆ ಗೋಡೆಯ ಮೇಲೆ ನಾನು ತೆಗೆದ ಬೂದೆಪ್ಪನ ಫೋಟೋ ದೊಡ್ಡದಾಗಿ ಬೆಳಗುತ್ತಿತ್ತು. ಫೋನಿನಾಚೆ ಹೊರದೇಶದ ನೀತಿ ಸಮಿತಿಯವರು ಕಾಯುತ್ತಿದ್ದರು. ಮ್ಯಾನೇಜರ್ ಪದ್ಮನಾಭ ಸರ್ ಮೆತ್ತಗೆ ಕೇಳಿದರು:

"ನಳಿನಿ, ಇದು ನೀನೇ ತೆಗೆದದ್ದು ತಾನೆ? ಅವನ ತಲೆ ಮೇಲೆ ಹೆಲ್ಮೆಟ್ ಇತ್ತಲ್ವಾ?"

ಅಜ್ಜಿಯ ಕತೆಗಳಲ್ಲಿ ಇಂಥ ಹೊತ್ತಿಗೆ ಮನುಷ್ಯರೆಲ್ಲ ಬಾಯಿ ಮುಚ್ಚಿದರೆ ಮೂಲೆಯ ಒನಕೆ ಎದ್ದು ನಿಜ ನುಡಿಯುತ್ತಿತ್ತು. ನಾನು ಮೇಜಿನ ಮೇಲಿದ್ದ ಕ್ಯಾಮೆರಾವನ್ನೇ ನೋಡುತ್ತಾ ಕೂತೆ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಗುವುದಿತ್ತು.

"ಇತ್ತು ಸರ್."

ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಯಂಕಮ್ಮ ನನ್ನ ಮುಖ ನೋಡಿದಳು, ಏನಾಯಿತೆಂದು ಕೇಳಲೇ ಇಲ್ಲ. "ಆ ಫೋಟೋನರ ಒಂದು ಕೊಡ್ರಿ" ಎಂದಳು. "ಪೂಜಿಗಿಡಾಕ ಅವಂದು ಬ್ಯಾರೆ ಯಾವ್ದೂ ಇಲ್ಲ. ತಲಿಮ್ಯಾಲಿಂದು ತಗದು ಕೊಡಾಕ ಬರ್ತೈತೇನ್ರಿ?"

ಕೂಕಟ್‌ಪಲ್ಲಿಯ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಹೆಲ್ಮೆಟ್ ಅಳಿಸಿದ. ಹುಬ್ಬಿನ ಮೇಲೆ ಬರೀ ಬಿಳಿ ಉಳಿಯಿತು.

ಕೂದಲು ಹೇಗಿತ್ತು ಎಂದು ಅವನು ತೆಲುಗಿನಲ್ಲಿ ಕೇಳಿದ.

ನನಗೆ ನೆನಪಾಗಲಿಲ್ಲ.