ಸೀಸದ ಬಾಗಿಲ ಆಚೆ

ಮರುದಿನ ಬೆಳಿಗ್ಗೆ ಕೊಲೆಟ್‌ಳನ್ನು ಕಿರಣದ ಕೋಣೆಗೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಒಂಬತ್ತು ವರ್ಷದ ಹುಡುಗಿ. ಅವಳ ಮೂಳೆಗಳೊಳಗಿನ ಮಜ್ಜೆ ಎಲೆ ಉದುರುವ ಕಾಲಕ್ಕೇ ಬತ್ತಿಹೋಗಿತ್ತು. ಅವರಿವರ ರಕ್ತ ಏರಿಸಿ ಏರಿಸಿ ವಿನ್ನಿಪೆಗ್‌ನ ಆಸ್ಪತ್ರೆಯವರು ಅವಳನ್ನು ಫೆಬ್ರವರಿಯವರೆಗೆ ಎಳೆದು ತಂದಿದ್ದರು. ಉಳಿದದ್ದು ಒಂದೇ ದಾರಿ: ಕಿರಣ ಹಾಯಿಸಿ ಅವಳದನ್ನು ಪೂರ್ತಿ ಅಳಿಸಿ, ಅಣ್ಣನ ಮಜ್ಜೆ ಏರಿಸುವುದು. ಅದೂ ಅರ್ಧ ಮಾತ್ರ ಹೊಂದುತ್ತಿತ್ತು. ಹಾಗೆ ಅರೆಬರೆ ಹೊಂದುವ ಮಜ್ಜೆಯಲ್ಲಿರುವ ಕೆಲವು ಬಿಳಿ ಕಣಗಳು, ಸೇರಿದ ಮೈಯನ್ನೇ ಶತ್ರುವೆಂದು ತಿಳಿದು ಚರ್ಮ, ಕರುಳುಗಳ ಮೇಲೆ ಬೀಳುತ್ತವೆ.

ಆ ಜಗಳಗಂಟ ಕಣಗಳನ್ನು ಮೊದಲೇ ಸೋಸಿ ತೆಗೆಯುವ ವಿಧಾನವನ್ನು ಆಸ್ಪತ್ರೆಯ ಪ್ರಯೋಗಾಲಯದ ಲಾರಿಸಾ ಬೊಡ್ನಾರ್ ಕಂಡುಹಿಡಿದಿದ್ದಳು. ಹಿಂದಿನ ಬೇಸಿಗೆಯಲ್ಲಿ, ಕಿರಣದ ನಂತರ ಸೋಸದ ಮಜ್ಜೆ ಪಡೆದ ಇಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೈಯೊಣಗಿ ಸತ್ತಿದ್ದವು. ಈ ಚಳಿಗಾಲದಲ್ಲಿ, ಸೋಸಿದ್ದನ್ನು ಪಡೆದ ಮೂವತ್ತೂ ಬದುಕಿದ್ದವು. ಆ ಮೂವತ್ತನ್ನು ನಂಬಿಯೇ ವಾರ್ಡಿನ ಡಾಕ್ಟರ್ ಗ್ರೇಮ್ ಟಲಕ್ ಕೊಲೆಟ್‌ಳ ಚಿಕಿತ್ಸೆಗೆ ಒಪ್ಪಿದ್ದ.

ಮಜ್ಜೆ ಕೊಟ್ಟದ್ದು ಗಂಡು ಇಲಿಗಳು, ಪಡೆದದ್ದು ಹೆಣ್ಣು. ಬಾಲದ ತುದಿಯ ರಕ್ತದ ಕಣಗಳನ್ನು ಬೆಳೆಸಿ ನೋಡಿದರೆ ಗಂಡಿನ ಗಿಡ್ಡ ವರ್ಣತಂತು ಕಾಣಬೇಕು. ಬೇಸಿಗೆಯ ಎಲ್ಲ ಇಲಿಗಳಲ್ಲೂ ಅದು ಕಂಡಿತ್ತು. ಈ ಸಲವೂ ತಪ್ಪದೆ ಕಾಣುವುದೆಂದುಕೊಂಡು ಲಾರಿಸಾ ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಊಟವಾದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲ ಸ್ಲೈಡಿನಲ್ಲಿ ಗಿಡ್ಡ ತಂತು ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಬಣ್ಣ ಸರಿಯಾಗಿ ಹಿಡಿದಿಲ್ಲವೇನೋ ಎಂದು ಮಸೂರ ಒರೆಸಿ ಮತ್ತೆ ನೋಡಿದಳು. ಬಣ್ಣ ಚೆನ್ನಾಗಿಯೇ ಹಿಡಿದಿತ್ತು. ಐದನೆಯ ಸ್ಲೈಡಿನವರೆಗೂ ಅದೇ.

ಇಲಿಗಳ ಮೈಯಲ್ಲಿ ಹರಿಯುತ್ತಿದ್ದದ್ದು ಅವುಗಳದೇ ರಕ್ತ. ಹೊರಗಿನ ಮಜ್ಜೆ ಬೇರೂರಿಯೇ ಇರಲಿಲ್ಲ. ಬೇರೂರದ ಮೇಲೆ ಜಗಳವೆಲ್ಲಿಯದು? ಆದರೆ ಅಷ್ಟು ಕಿರಣ ಬಿದ್ದ ಮೇಲೂ ಸ್ವಂತ ಮಜ್ಜೆ ಉಳಿದದ್ದು ಹೇಗೆ? ಮಜ್ಜೆ ಕೊಡದೆ ಬರೀ ಕಿರಣ ಹಾಯಿಸಿದ ನಾಲ್ಕು ಇಲಿಗಳು ಸತ್ತಿದ್ದವು. ಯಂತ್ರ ಕೆಟ್ಟಿರಲಿಲ್ಲ ಎಂದಾಯಿತು. ಹಾಗಾದರೆ ಬೇರೇನೋ ಆ ಕಿರಣದ ಕೋಣೆಯೊಳಗೇ ನಡೆದಿರಬೇಕು.

ಅವಳು ನೆಲಮಾಳಿಗೆಗೆ ಇಳಿದಳು. ಇಲಿಗಳನ್ನು ನೋಡಿಕೊಳ್ಳುವ ಕಾರ್ನಿ ಡ್ಯೂಕ್ ಪಂಜರ ತೊಳೆಯುತ್ತಿದ್ದ.

"ಕಾರ್ನಿ, ಒಂದಷ್ಟು ಇಲಿ ಪೆಟ್ಟಿಗೆಗೆ ಹಾಕಿ ಯಂತ್ರದ ಕೆಳಗೆ ಇಡು. ಯಂತ್ರ ಹಾಕ್ಬೇಡ. ನಾನು ಒಳಗೇ ಕೂತ್ಕೋತೀನಿ."

"ಆ ಕೋಣೇಲಾ? ಬೆಚ್ಚಗಿಡೋ ಹಬೆ ಕೊಳವೆ ಇಲ್ಲ ಡಾಕ್ಟ್ರೇ, ಮೂಗು ಉದುರಿಹೋಗತ್ತೆ. ತಗೊಳ್ಳಿ ನನ್ನ ಕೈಗವಸು. ಮೂಗಿಗೆ ಮಾತ್ರ ನಾನು ಜವಾಬ್ದಾರ ಅಲ್ಲ."

ಕಾರ್ನಿ ಚಪ್ಪಟೆ ಪೆಟ್ಟಿಗೆಯಲ್ಲಿ ಇಲಿಗಳನ್ನು ಹರಡಿ ಬಿಟ್ಟು, ಜಾಲರಿ ಮುಚ್ಚಳ ಹಾಕಿ ಹೊರಗೆ ಹೋದ. ಸೀಸದ ಬಾಗಿಲು ಮುಚ್ಚಿಕೊಂಡಿತು. ಆ ಬಾಗಿಲಿಗೆ ಕಿಟಕಿಯಿರಲಿಲ್ಲ. ಕಿರಣ ಬೀಳುವಾಗ ಒಳಗೆ ಯಾರೂ ಇರುವಂತಿಲ್ಲವಾದ್ದರಿಂದ ಈ ಕೋಣೆಯಲ್ಲಿ ಏನು ನಡೆಯುತ್ತದೆಂದು ಈವರೆಗೆ ಯಾರೂ ನೋಡಿರಲಿಲ್ಲ.

ಸ್ವಲ್ಪ ಹೊತ್ತು ಇಲಿಗಳು ಗೋಡೆ ಮೂಸುತ್ತ ಓಡಾಡಿದವು. ಆಮೇಲೆ ಒಂದು ಮೂಲೆ ಹಿಡಿದು ಮುದುರಿತು. ಇನ್ನೊಂದು ಬಂದು ಅದರ ಮೇಲೆ ಹತ್ತಿತು. ನೋಡನೋಡುತ್ತಿದ್ದಂತೆ ಪೆಟ್ಟಿಗೆಯ ಮೂಲೆಯಲ್ಲಿ ಒಂದೇ ಬಿಳಿ ಗುಡ್ಡೆ ಉಸಿರಾಡುತ್ತಿತ್ತು. ಮೇಲಿನ ಮೈಗಳೇ ಕೆಳಗಿನವಕ್ಕೆ ಕಿರಣ ತಡೆಯುವ ಕೊಡೆ. ಸತ್ತ ನಾಲ್ಕಕ್ಕೆ ಕಿರಣ ಹಾಯಿಸಿದ್ದು ಬೇರೆ ಪೆಟ್ಟಿಗೆಯಲ್ಲಿ. ನಾಲ್ಕರಿಂದ ಗುಡ್ಡೆ ಆಗುವುದಿಲ್ಲ. ಬೇಸಿಗೆಯಲ್ಲಿ ಯಾವ ಇಲಿಗೂ ಚಳಿಯಿರಲಿಲ್ಲ.

ಲಾರಿಸಾ ಕೈಗವಸಿನಲ್ಲಿ ಮುಖ ಮುಚ್ಚಿಕೊಂಡಳು. ಹಾಗೆಯೇ ಇನ್ನೊಂದು ಯೋಚನೆ ಹೊಳೆಯಿತು. ಗುಡ್ಡೆಯ ಮೇಲಿದ್ದವುಗಳಿಗೆ ಕಿರಣ ಪೂರ್ತಿ ಬಿದ್ದಿರಬೇಕು. ಅವು ಯಾವುವು? ಅವು ಹೇಗಿವೆ?

ಓಡುತ್ತಲೇ ಮೆಟ್ಟಿಲು ಹತ್ತಿದಳು. ಉಳಿದ ಸ್ಲೈಡುಗಳನ್ನು ಒಂದೊಂದಾಗಿ ತಿರುವಿದಳು. ಇಲ್ಲ, ಇಲ್ಲ, ಇಲ್ಲ. ಆಮೇಲೆ, ಒಂದು ಕಣದ ಅಂಚಿನಲ್ಲಿ, ಗಿಡ್ಡ ತಂತು. ಇನ್ನೊಂದು ಸ್ಲೈಡಿನಲ್ಲೂ ಸಿಕ್ಕಿತು. ಹುಡುಕಿ ಮುಗಿದಾಗ ಅಂಥವು ಆರಾಗಿದ್ದವು. ಆ ಆರು ಪಂಜರಗಳನ್ನು ತರಿಸಿ, ಇಲಿಗಳನ್ನು ಅಂಗೈಯಲ್ಲಿಟ್ಟು ನೋಡಿದಳು. ಕೂದಲು ನುಣುಪು, ಬೆನ್ನು ನೇರ. ಒಂದು ಅವಳ ಹೆಬ್ಬೆರಳು ಕಚ್ಚಿತು.

ವಾರ್ಡಿನ ಮೂಲೆಯ ಕೋಣೆಯಲ್ಲಿ ಟಲಕ್ ಕೇಳಿಸಿಕೊಂಡು ಪೈಪನ್ನು ಮೇಜಿಗೆ ಕುಟ್ಟಿದ.

"ಮೂವತ್ತು ಅಂದೆ. ಈಗ ಆರು ಅಂತಿದೀಯ. ನಾಳೆ ಬೆಳಿಗ್ಗೆ ಕಾಫಿ ಹೊತ್ತಿಗೆ ಸೊನ್ನೆ ಅಂತೀಯಾ?"

"ಆರೇ. ಆದ್ರೆ ಈ ಆರು ಗಟ್ಟಿ. ಹೊರಗಿನ ಮಜ್ಜೆ ಬೇರೂರಿದೆ, ಜಗಳ ಇಲ್ಲ."

"ಮತ್ತೆ ಮಾಡಿ ನೋಡೋಕೆ ಎಷ್ಟು ಸಮಯ ಬೇಕು?"

"ಮೂರು ತಿಂಗಳು."

"ಹುಡುಗಿಗೆ ಮೂರು ವಾರ ಇದ್ರೆ ಹೆಚ್ಚು. ನಾಳೆಯೇ ಮಾಡೋಣ. ಆ ತಾಯಿಗೆ ಇದೆಲ್ಲ ಹೇಳಿ ಹೆದರಿಸ್ಬೇಡ."

"ಮೂವತ್ತು ಅಂತ ಅವಳಿಗೆ ಹೇಳಿದ್ದು ನಾನು, ಗ್ರೇಮ್. ಆರು ಅಂತಾನೂ ನಾನೇ ಹೇಳ್ಬೇಕು."

ಕೊಲೆಟ್‌ಳ ತಾಯಿ ಸೊಲಾಂಜ್ ಶಾಲೆಯ ಬಸ್ಸು ಓಡಿಸುವವಳು. ಪಡಸಾಲೆಯ ಬೆಂಚಿನಲ್ಲಿ ಕುಳಿತು ಮಗಳಿಗೆ ಕೆಂಪು ಉಣ್ಣೆಯ ಟೋಪಿ ಹೆಣೆಯುತ್ತಿದ್ದಳು. ಲಾರಿಸಾ ಪಕ್ಕದಲ್ಲಿ ಕುಳಿತು, ಚಳಿಗೆ ಗುಡ್ಡೆಯಾದ ಇಲಿಗಳಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಸೊಲಾಂಜ್ ಸೂಜಿ ನಿಲ್ಲಿಸಲಿಲ್ಲ.

"ಆ ಆರು ಚೆನ್ನಾಗಿವೆಯಾ?"

"ಚೆನ್ನಾಗಿವೆ. ಒಂದು ನನ್ನ ಕಚ್ಚಿತು ಕೂಡ."

"ಉಳಿದವು?"

"ಅವೂ ಚೆನ್ನಾಗಿವೆ. ಆದ್ರೆ ಅವು ಬದುಕಿದ್ದು ತಮ್ಮದೇ ಮಜ್ಜೆಯಿಂದ. ಕೊಲೆಟ್‌ಗೆ ಆ ದಾರಿ ಇಲ್ಲ. ಕಿರಣ ಬಿದ್ಮೇಲೆ ಹಿಂದಕ್ಕೆ ಬರೋಕೂ ಆಗಲ್ಲ."

ಸೊಲಾಂಜ್ ಸಾಲು ಮುಗಿಸಿ ಸೂಜಿ ಮಡಿಲಲ್ಲಿಟ್ಟಳು. "ಇಷ್ಟು ದಿನ ನೀವೆಲ್ಲ ನಗ್ತಾ ನಗ್ತಾ ಒಳ್ಳೇ ಸುದ್ದಿನೇ ಹೇಳ್ತಿದ್ರಿ. ನಂಗೆ ಹೆದರಿಕೆ ಆಗ್ತಿದ್ದದ್ದು ಅದಕ್ಕೇ." ಅವಳು ಮೂಗು ಒರೆಸಿಕೊಂಡಳು. "ಮಾಡಿ. ಆದ್ರೆ ನೀವೂ ಅಲ್ಲಿ ಇರ್ಬೇಕು."

ಬೆಳಿಗ್ಗೆ ಹೊರಗೆ ಹಿಮಗಾಳಿ ಬೀಸುತ್ತಿತ್ತು. ಆಸ್ಪತ್ರೆಯ ಕಿರಣದ ಕೋಣೆಗೆ ದಪ್ಪ ಗಾಜಿನ ಕಿಟಕಿಯಿತ್ತು. ತೆಳು ಅಂಗಿ ತೊಟ್ಟ ಕೊಲೆಟ್‌ಳನ್ನು ಮಲಗಿಸಿ, ಕೈಕಾಲು ನೇರ ಮಾಡಿ, ಎಲ್ಲರೂ ಹೊರಗೆ ಬಂದರು. ಬಾಗಿಲು ಮುಚ್ಚಿತು. ಯಂತ್ರ ನಡೆಸುವವನು ಗುಂಡಿಯ ಕಡೆ ಕೈ ಚಾಚಿದ. ಟಲಕ್ ಗಡಿಯಾರ ನೋಡುತ್ತಿದ್ದ. ಲಾರಿಸಾ ಗಾಜಿಗೆ ಹಣೆಯೊತ್ತಿ ನಿಂತಿದ್ದಳು.

ಹುಡುಗಿ ಮೆಲ್ಲಗೆ ಮಗ್ಗುಲಾದಳು. ಮೊಣಕಾಲು ಎದೆಗೆ ಬಂತು. ತೋಳುಗಳು ಮೊಣಕಾಲನ್ನು ಬಳಸಿದವು.

"ನಿಲ್ಸಿ! ಗುಂಡಿ ಮುಟ್ಬೇಡಿ!"

"ಈಗೇನು ಮತ್ತೆ?" ಟಲಕ್ ರೇಗಿದ.

"ಮುದುರಿದಾಳೆ ನೋಡಿ. ತೊಡೆ ಹೊಟ್ಟೆಗೆ ಅಡ್ಡ ಬಂದಿದೆ. ಅದರ ಹಿಂದಿರೋ ಮೂಳೆಗೆ ಕಿರಣ ಕಮ್ಮಿ ಬೀಳತ್ತೆ. ಅಲ್ಲಿ ಉಳಿದ ಅವಳ ಬಿಳಿ ಕಣಗಳು ಅಣ್ಣನ ಮಜ್ಜೇನ ಒದ್ದು ಓಡಿಸ್ತವೆ."

ಬಾಗಿಲು ತೆಗೆಸಿ ಒಳಗೆ ಹೋದಳು. "ಚಳಿನಾ ಪುಟ್ಟಿ?"

"ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಅಲ್ಲಾಡ್ಬೇಡ ಅಂದ್ರು, ಅದಕ್ಕೇ ಹೇಳ್ಲಿಲ್ಲ."

ಲಾರಿಸಾ ಕೋಟು ಕೂಡ ಹಾಕಿಕೊಳ್ಳದೆ ಹಿಮದೊಳಕ್ಕೆ ಓಡಿದಳು. ಚಳಿಗೆ ಹೆಪ್ಪುಗಟ್ಟದಂತೆ ರಾತ್ರಿಯಿಡೀ ಪ್ಲಗ್ಗಿಗೆ ಸಿಕ್ಕಿಸಿಟ್ಟಿದ್ದ ಕಾರಿನಿಂದ, ಸೀಟಿನ ಕೆಳಗಿನ ಪುಟ್ಟ ವಿದ್ಯುತ್ ಒಲೆಯನ್ನು ಕಿತ್ತು ತಂದಳು. ಹುಬ್ಬಿನ ಮೇಲೆ ಹಿಮ ಕಟ್ಟಿತ್ತು.

"ಈ ಕೋಣೇಲಿ ಕಾರಿನ ಸಾಮಾನಾ?" ಎಂದ ಯಂತ್ರದವನು.

"ಇವತ್ತೊಂದು ದಿನ," ಎಂದ ಟಲಕ್. ಪ್ಲಗ್ಗನ್ನು ತಾನೇ ಸಿಕ್ಕಿಸಿದ.

ಕೋಣೆ ಬೆಚ್ಚಗಾಗುವವರೆಗೆ ಲಾರಿಸಾ ಹುಡುಗಿಯ ಪಾದ ಉಜ್ಜುತ್ತ ಕುಳಿತಳು. ಕಾಲುಗಳು ತಾವಾಗಿಯೇ ಸಡಿಲವಾಗಿ ಚಾಚಿಕೊಂಡವು. ಆಮೇಲೆ ಬಾಗಿಲು ಮುಚ್ಚಿತು. ಯಂತ್ರ ಗುಂಯ್‌ಗುಟ್ಟುವಷ್ಟು ಹೊತ್ತೂ ಅವಳು ಗಾಜಿನಿಂದ ಕಣ್ಣು ಕೀಳಲಿಲ್ಲ.

ಅಣ್ಣನ ಸೋಸಿದ ಮಜ್ಜೆ ಏರಿಸಿ ಕೆಲವು ವಾರಗಳಾದ ಮೇಲೆ, ಮಾರ್ಚ್ ಕೊನೆಗೆ ಕೊಲೆಟ್‌ಳ ಮಜ್ಜೆಯ ಮೊದಲ ಸ್ಲೈಡು ಬಂತು. ಲಾರಿಸಾ ಮಸೂರ ಒರೆಸಿದಳು, ಮತ್ತೊಮ್ಮೆ ಒರೆಸಿದಳು. ಟಲಕ್ ಬೆನ್ನ ಹಿಂದೆ ನಿಂತು ಆರಿದ ಪೈಪು ಕಚ್ಚುತ್ತಿದ್ದ.

"ಏನಾದ್ರೂ ಹೇಳು ಮಾರಾಯ್ತಿ."

ಅಣ್ಣನ ಗಿಡ್ಡ ತಂತು ಅಲ್ಲಿತ್ತು. ಪಕ್ಕದ ಕಣದಲ್ಲೂ, ಅದರಾಚೆಯ ಕಣದಲ್ಲೂ.

"ಬೇರೂರಿದೆ. ಅವಳ ಅಂಗೈ ನೋಡಿದ್ಯಾ? ಜಗಳದ ಕೆಂಪು ಗುಳ್ಳೆ ಎದ್ದಿದೆಯಾ?"

"ಬೆಳಿಗ್ಗೆ ನೋಡ್ದೆ. ಎರಡೂ ಅಂಗೈ ಸ್ವಚ್ಛ."

"ಸಂಜೆ ಮತ್ತೆ ನೋಡು," ಎಂದಳು ಲಾರಿಸಾ, ಕಣ್ಣು ತೆಗೆಯದೆ.