ನೂರೆಂಟು ಅಕ್ಷರಗಳ ಬುಧವಾರ

ಒಂದು ಬುಧವಾರವನ್ನು ತನ್ನ ಕೈಯಾರೆ ಮಾಡಿದವನೆಂದು ಜೆಫೆರಿನ್ ಹಡಗಿನಲ್ಲಿ ಹೆಸರಾಗಿದ್ದ. ಹದಿನೆಂಟು ವರ್ಷಗಳ ಹಿಂದಿನ ಮಾತು. ಆ ವಿಹಾರದ ಹಡಗಿನಲ್ಲಿ ಪ್ರಯಾಣಿಕರು ದಿನ ಮರೆಯದಿರಲೆಂದು ಹನ್ನೆರಡು ಲಿಫ್ಟುಗಳಲ್ಲೂ ವಾರದ ಹೆಸರು ಬರೆದ ನೆಲಹಾಸುಗಳಿದ್ದವು. ನಡುರಾತ್ರಿ ಅವನ್ನು ಬದಲಿಸುವುದು ಅವನ ಕೆಲಸ. ಸಿಡ್ನಿಯಿಂದ ಹವಾಯಿಗೆ ಹೋಗುತ್ತ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದಾಗ ಒಂದೇ ಬುಧವಾರ ಎರಡು ಸಲ ಬಂತು. ಅಷ್ಟರಲ್ಲಿ ಲಿಫ್ಟುಗಳಲ್ಲಿ ಗುರುವಾರ ಬಿದ್ದಿತ್ತು. ಬುಧವಾರದ ಹಾಸುಗಳು ಒಗೆಯಲು ಹೋಗಿ ನೆನೆಯುತ್ತಿದ್ದವು. ಜೆಫೆರಿನ್ ಹಳೆಯ ಜಮಖಾನೆ ಕತ್ತರಿಸಿ, ಒಂದಕ್ಕೆ ಒಂಬತ್ತರಂತೆ ನೂರೆಂಟು ಇಂಗ್ಲಿಷ್ ಅಕ್ಷರಗಳನ್ನು ಹೊಲಿದ. ಬೆರಳುಗಳಲ್ಲಿ ರಕ್ತ ಒಸರಿತು. ಬೆಳಗ್ಗೆ ಎರಡು ಸಾವಿರ ಜನ ಅವುಗಳ ಮೇಲೆ ನಡೆದಾಡಿದರು. ಒಬ್ಬರಿಗೂ ಏನೂ ತಿಳಿಯಲಿಲ್ಲ. ಕಪ್ತಾನ ಕೈ ಕುಲುಕಿದ. ಗುರುವಾರವನ್ನು ಹಾಸಿದ್ದು ಯಾರೆಂಬ ಮಾತು ಮಾತ್ರ ಅವನ ಕಥೆಯಲ್ಲಿ ಎಂದೂ ಬರುತ್ತಿರಲಿಲ್ಲ.

ಅಂಥವನು ಈಗ ತನ್ನೂರು ಚಿಂಚೊಣೆಯ ಶಿಲುಬೆಯ ಕಟ್ಟೆಯ ಮುಂದೆ, ಇಳಿಬಿಸಿಲಿನಲ್ಲಿ, ಮೇಣದಬತ್ತಿ ಹಚ್ಚಿ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ತೆಂಗಿನ ಚೂರು ಬೆರೆಸಿ ಬೇಯಿಸಿದ ಒಂದು ಕೊಪ್ಪರಿಗೆ ಕಡಲೆ, ಎರಡು ಸೀಸೆ ಫೆನಿ. ಶನಿವಾರ ಐದು ಗಂಟೆಗೆ ಅವನ ಮನೆಯ ಸರದಿಯ ಲದಿನ್, ನೆರೆಯವರೆಲ್ಲ ಸೇರಿ ಶಿಲುಬೆಯ ಮುಂದೆ ಹಾಡುವ ಪ್ರಾರ್ಥನೆ. ಹನ್ನೊಂದು ವರ್ಷ ಸರದಿ ಬಂದಾಗಲೆಲ್ಲ ಅವನು ಸಮುದ್ರದ ಮೇಲಿದ್ದ. ಈ ಸಲವೂ ಮನೆಯ ಯಜಮಾನ ನಿಲ್ಲದಿದ್ದರೆ ಸರದಿಯನ್ನು ಪಕ್ಕದ ಮನೆಗೆ ಕೊಡುವುದೆಂದು ಕೇರಿಯ ಹಿರಿಯರು ನಿಶ್ಚಯಿಸಿದ್ದರು. ಅದಕ್ಕೆಂದೇ ಕೆಲಸಕ್ಕೆ ಸಲಾಮು ಹೊಡೆದು ಹಿಂದಿನ ಭಾನುವಾರ ಊರಿಗೆ ಬಂದಿದ್ದ.

ಐದೂವರೆಯಾಯಿತು. ಪಿಟೀಲಿನವನಿಲ್ಲ, ಹಾಡುವವರಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಸರದಿಯನ್ನು ಆಗಲೇ ಕಿತ್ತುಕೊಂಡರೇ? ತನಗೊಂದು ಮಾತೂ ಹೇಳದೆ?

ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಮುದುಕಿ ಕೆರುಬಿನ್‌ಮಾಯ್ ನಿಂತಳು. “ಯಾರು ಹೋದ್ರೋ, ಜೆಫೆರಿನ್? ಸಾವಿನ ಗಂಟೆ ಕೇಳ್ಸಲಿಲ್ವಲ್ಲ.”

“ಯಾರೂ ಹೋಗಿಲ್ಲ, ಮಾಯ್. ನಮ್ಮನೆ ಲದಿನ್. ನಿಂಗೂ ನಮ್ಮನೆ ಬೇಡವಾಯ್ತಾ?”

“ಲದಿನ್ ಶನಿವಾರ ಅಲ್ವೇನೋ?”

“ಇವತ್ತು ಶನಿವಾರ.”

ಮುದುಕಿ ಬುಟ್ಟಿ ಇಳಿಸಿದಳು. “ಹಂಗಾದ್ರೆ ನಿನ್ನೆ, ಮಾಂಸ ಮುಟ್ಟಬಾರದ ಶುಕ್ರವಾರ, ನಾನು ಸೊಸೆ ಮಾಡಿದ ಹಂದಿಮಾಂಸ ತಿಂದೆ ಅನ್ನು. ಪಾದ್ರಿಗೆ ನೀನೇ ಹೇಳ್ಕೋ. ಇವತ್ತು ಗುರುವಾರ ಕಣೋ, ಹಡಗಿನವನೇ. ಫೆನಿ ನೀನೇ ಮುಗಿಸ್ಬಿಟ್ಯಾ?”

ಜೆಫೆರಿನ್ ಸೀಸೆಗಳನ್ನು ನೋಡಿದ, ಬಿರಡೆ ಬಿಚ್ಚಿರಲಿಲ್ಲ. ಮುದುಕಿಗೆ ಅರಳುಮರಳಾಗಿರಬೇಕು. ಬೆಳಗ್ಗೆಯಷ್ಟೇ ಮನೆಯ ಹೊಸ್ತಿಲಲ್ಲಿ ಶನಿವಾರವನ್ನು ತನ್ನ ಕೈಯಿಂದಲೇ ಹಾಸಿದ್ದ. ಬೀಳ್ಕೊಡುಗೆಗೆ ಹಡಗಿನ ಗೆಳೆಯರು ಕೊಟ್ಟಿದ್ದು ಅದೇ: ಲಿಫ್ಟಿನ ಏಳು ಹಳೆಯ ನೆಲಹಾಸು, ದಿನಕ್ಕೊಂದು. ಆದರೂ, ಗುರುವಾರವಾದರೆ ತಾನು ನಿನ್ನೆ ಹಾಸಿದ ಶುಕ್ರವಾರ ಎಲ್ಲಿಂದ ಬಂತು?

ಶಾಲೆಯ ಟೀಚರ್ ಕೆಲಸ ಮುಗಿಸಿ ಬಂದ ಮಗಳು ಮೆಲ್ವೀರಾ ಸ್ಕೂಟರ್ ನಿಲ್ಲಿಸಿದಳು. ಕೊಪ್ಪರಿಗೆ, ಬತ್ತಿ, ತಂದೆಯ ಇಸ್ತ್ರಿ ಮಾಡಿದ ಅಂಗಿ ಎಲ್ಲವನ್ನೂ ನೋಡಿದಳು, ನಗಲಿಲ್ಲ.

“ಪಾಯ್, ಹೊಸ್ತಿಲಲ್ಲಿರೋ ಶನಿವಾರದ ಹಾಸು ನೋಡ್ದೆ. ಬಣ್ಣ ಚೆನ್ನಾಗಿದೆ ಅಂತ ಹಾಕಿರ್ತೀರಿ ಅಂದ್ಕೊಂಡೆ. ಯಾವಾಗ ಬದಲಾಯಿಸ್ತೀರಿ?”

“ಯಾವಾಗ ಅಂದ್ರೆ? ಎದ್ದ ಕೂಡ್ಲೆ.”

“ಬೆಳಗ್ಗೆ ಎದ್ದ ಕೂಡ್ಲೆ. ಮತ್ತೆ ಊಟ ಆಗಿ ಮಲಗಿ ಎದ್ದಾಗ?”

ಅವನು ಬೆರಳು ಮಡಚಿ ಎಣಿಸಿದ. ಇಪ್ಪತ್ತಾರು ವರ್ಷ ಅವನು ಮಧ್ಯಾಹ್ನ ಮಲಗಿ, ಕತ್ತಲಾದ ಮೇಲೆ ಎದ್ದು, ದಿನ ಬದಲಿಸಿದ್ದ. ನಿದ್ದೆ ಮುಗಿದರೆ ದಿನ ಮುಗಿದಂತೆ. ಮಂಗಳವಾರ ಮಧ್ಯಾಹ್ನದ ನಿದ್ದೆಯಿಂದೆದ್ದು ಹಾಸು ಬದಲಿಸಿದ್ದು, ಬುಧವಾರವೂ ಹಾಗೆಯೇ ಮಾಡಿದ್ದು ಈಗ ಬೇರೆ ಯಾರೋ ಮಾಡಿದ ಕೆಲಸದಂತೆ ನೆನಪಾಯಿತು. ಮೊಬೈಲು ಇನ್ನೂ ಪೆಟ್ಟಿಗೆಯ ತಳದಲ್ಲಿತ್ತು. ಹಡಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಸೂರ್ಯನ ಮಾತನ್ನು ಕೇಳಿದವನೇ ಅಲ್ಲ ಅವನು.

“ಗುರುವಾರಾನೇ ಅಂತೀಯಾ?”

“ಗುರುವಾರಾನೇ. ಪಿಟೀಲಿನ ರೋಕ್‌ಗೆ ಶನಿವಾರಕ್ಕೆ ಹೇಳಿದ್ದೀರಿ. ಎಲ್ಲರೂ ಬರ್ತಾರೆ. ಸರದಿ ಎಲ್ಲೂ ಹೋಗಿಲ್ಲ.”

“ನೀನು ಹೇಳಿದ್ರೆ ಸರಿ,” ಎಂದ. ಆದರೆ ಸರಿಯೆಂದು ಅವನಿಗೆ ಅನಿಸಲಿಲ್ಲ. ಗುರುವಾರ ಹೇಗಿರುತ್ತದೆ, ಶನಿವಾರ ಹೇಗಿರುತ್ತದೆ? ಅಡಿಯಲ್ಲಿ ಹೆಸರಿಲ್ಲದಿದ್ದರೆ ಎರಡೂ ಒಂದೇ ಬಿಸಿಲು, ಅದೇ ಕಾಗೆ. “ಶನಿವಾರ ಬಂದಾಗ ನಂಗೆ ಗೊತ್ತಾಗದೇ ಹೋದ್ರೆ?”

“ನಾನು ಎಬ್ಬಿಸ್ತೀನಿ.”

ಕೆರುಬಿನ್‌ಮಾಯ್ ಆಗಲೇ ಕಟ್ಟೆಯ ಮೇಲೆ ಕುಳಿತು ಎಲೆಯಲ್ಲಿ ಕಡಲೆ ಹಾಕಿಕೊಂಡಿದ್ದಳು. “ಇದು ಶನಿವಾರದವರೆಗೆ ಉಳಿಯಲ್ಲಪ್ಪ. ಉಪ್ಪು ಕಮ್ಮಿ.”

ಮೆಲ್ವೀರಾ ಬತ್ತಿಗಳನ್ನು ಒಂದೊಂದಾಗಿ ಆರಿಸಿದಳು. ತಂದೆಯ ಪಕ್ಕ ಕುಳಿತು ತನಗೂ ಒಂದು ಹಿಡಿ ಕಡಲೆ ತೆಗೆದುಕೊಂಡಳು.

“ಪಾಯ್, ಆ ಬುಧವಾರ ಹೊಲಿದ ಕಥೆ ಇನ್ನೊಂದ್ಸಲ ಹೇಳಿ,” ಎಂದಳು. “ಈ ಸಲ ಮೊದಲಿಂದ. ಗುರುವಾರ ಹಾಸಿದ್ದು ಯಾರು ಅನ್ನೋದೂ ಸೇರಿಸಿ.”