ಚರ್ಚಿನ ಗೋಡೆಗೆ ಆಸಿಡ್ ಹಾಕಿದ್ದು

ನನ್ನ ವಾರಗಿತ್ತಿ ಇಯಾನೆಟಾ ಸಿಟ್ಟು ಬಂದಾಗ ಟಾರೋ ಗೆಡ್ಡೆಯ ಸಿಪ್ಪೆಯನ್ನು ದಪ್ಪದಪ್ಪವಾಗಿ ಹೆರೆಯುತ್ತಾಳೆ. ಆ ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ಸಿಕ್ಕ ಗೆಡ್ಡೆಗಿಂತ ಸಿಪ್ಪೆಗೆ ಹೋದದ್ದೇ ಹೆಚ್ಚು.

ಅವಳು ನನ್ನ ಮೈದುನ ಉಸುಗಾನ ಹೆಂಡತಿ. ಬೆಳಿಗ್ಗೆ ಅವನೇ ಓಡಿಸುವ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅಲ್ಲಿ ಅವಳು ಬಾಯಿ ತೆರೆದರೆ ತರಗತಿಯೆಲ್ಲ ಗಪ್‌ಚುಪ್. ಸಂಜೆ ಮನೆಗೆ ಬಂದು ಬಟ್ಟೆ ಬದಲಿಸಿದಳೆಂದರೆ ಅವಳೂ ನನ್ನ ಹಾಗೆ ಬೇರೆ ಊರಿನಿಂದ ಬಂದ ಸೊಸೆ. ಸೊಸೆಯಾದವಳು ಹಿತ್ತಿಲ ಅಡಿಗೆಮನೆಯಲ್ಲಿರಬೇಕು, ಹಿರಿಯರು ಉಂಡೆದ್ದ ಮೇಲೆ ಉಣ್ಣಬೇಕು. ಊರಿನ ಸಭೆಯಲ್ಲಿ ಅವಳಿಗೆ ಬಾಯಿಲ್ಲ. ನನಗೆ ಇದು ರೂಢಿಯಾಗಿಹೋಗಿದೆ. ಸಭೆಗೆ ಹೇಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಅವಳಲ್ಲಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ನಮ್ಮದು ದ್ವೀಪದ ಊರು. ಅಲ್ಲಿನ ಚರ್ಚಿಗೆ ನೂರು ವರ್ಷ ತುಂಬುವುದಿತ್ತು. ಹಿಂದಿನವರು ಹವಳದ ಕಲ್ಲು ಸುಟ್ಟು, ಸುಣ್ಣ ಮಾಡಿ, ಹೆಗಲ ಮೇಲೆ ಹೊತ್ತು ತಂದು ಕಟ್ಟಿದ ಕಟ್ಟಡ. ಮಳೆಗೂ ಕಡಲಗಾಳಿಗೂ ಗೋಡೆಯೆಲ್ಲ ಕಪ್ಪಗೆ ಪಾಚಿಗಟ್ಟಿತ್ತು. ಉತ್ಸವಕ್ಕೆ ಆಕ್ಲೆಂಡಿನಿಂದ, ಸಿಡ್ನಿಯಿಂದ ನೆಂಟರಿಷ್ಟರು ಬರುವವರು. ಗೋಡೆ ಬೆಳ್ಳಗಾಗಲೇಬೇಕೆಂದು ತೀರ್ಮಾನವಾಯಿತು. ಉಜ್ಜುವ ಕೆಲಸ ಹೆಂಗಸರ ಸಂಘಕ್ಕೆ ಬಂತು. ಅದರ ಅಧ್ಯಕ್ಷೆ ನಮ್ಮ ಅತ್ತೆ ಸಿಪೋರಾ. ಸಾಮಾನು ಒದಗಿಸುವ ಹೊಣೆಯನ್ನು ತುಯಿಲಗಿಯವರು ಹೊತ್ತರು.

ತುಯಿಲಗಿಯವರು ಚರ್ಚಿನ ಹಿರಿಯರು, ಊರಿನ ಮಾತುಗಾರರು. ಅವರು ಮಾತಿಗೆ ನಿಂತರೆ ಏಡಿಯೂ ನೆಟ್ಟಗೆ ನಡೆಯುತ್ತದೆ ಎಂದು ಜನ ಹೇಳುತ್ತಾರೆ. ಅವರ ತಂಗಿಯ ಮಗ ಕಡಲಾಚೆಯ ರಾಜಧಾನಿ ಅಪಿಯಾದ ಹೋಟೆಲೊಂದರಲ್ಲಿ ಈಜುಕೊಳ ತೊಳೆಯುವವನು. ಅವನ ಮೂಲಕ ಹಡಗಿನಲ್ಲಿ ಕ್ಯಾನುಗಟ್ಟಲೆ ಆಸಿಡ್ ಬಂದು ಚರ್ಚಿನ ಹಿಂದೆ ಸಾಲಾಗಿ ಕೂತಿತು.

ಇಯಾನೆಟಾ ಅದರ ಮೇಲಿನ ಚೀಟಿ ಓದಿ ಬಂದವಳೇ ನನ್ನ ಮುಂದೆ ಕುಕ್ಕರಿಸಿದಳು.

"ಅಕ್ಕಾ, ಅದು ಹೈಡ್ರೋಕ್ಲೋರಿಕ್ ಆಸಿಡ್ಡು. ಕೊಳೆ ಹೋಗುತ್ತೆ, ಇಲ್ಲ ಅನ್ನಲ್ಲ. ಯಾಕೆ ಹೋಗುತ್ತೆ ಹೇಳಿ? ಕೊಳೆ ಕೂತಿರೋ ಗೋಡೇನೇ ಕರಗಿ ಹೋಗುತ್ತಲ್ಲ, ಅದಕ್ಕೆ!"

"ನೀನೇ ಹೇಳಿದ್ಯಲ್ಲೇ, ಹಸಿ ಮೀನಿಗೆ ಹಿಂಡೋ ನಿಂಬೆಹುಳೀನೂ ಆಸಿಡ್ಡೇ ಅಂತ," ಎಂದೆ ನಾನು.

"ಹೂಂ, ಅದು ಸಿಟ್ರಿಕ್ ಆಸಿಡ್ಡು. ಸೌಮ್ಯ ಸ್ವಭಾವ. ಮೀನನ್ನ ಬೆಳ್ಳಗೆ ಮಾಡಿ ಸುಮ್ಮನಾಗುತ್ತೆ. ವಿನೆಗರ್ರೂ ಹಾಗೇ. ಅವು ತಮ್ಮ ಹುಳೀನ ಚೂರುಚೂರೇ ಬಿಡೋ ಜಿಪುಣರು. ಇದು ಇರೋದನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಡುತ್ತೆ."

ಬಾಗಿಲಲ್ಲಿ ಕೂತಿದ್ದ ಉಸುಗಾ ಕೇಳಿದ: "ಬ್ಯಾಟರಿ ಆಸಿಡ್ ಥರಾನಾ? ನನ್ನ ಎಷ್ಟು ಲುಂಗಿ ತೂತು ಮಾಡಿದೆ ಅದು!"

"ಅದು ಸಲ್ಫ್ಯೂರಿಕ್. ಅದೂ ಜೋರಿಂದೇ, ಆದ್ರೆ ಗುಣ ಬೇರೆ. ಗಟ್ಟಿಯಾಗಿದ್ರೆ ಬಟ್ಟೆಯೊಳಗಿನ ನೀರಿನಂಶಾನೂ ಎಳೆದು ಕರಿ ಮಾಡಿಬಿಡುತ್ತೆ. ಚರ್ಚಿನ ಹತ್ರ ಇರೋದು ಹೊಗೆಯಾಡೋ ಜಾತಿ. ಮುಚ್ಚಳ ತೆಗೆದ್ರೆ ಸಾಕು, ಮೂಗು ಉರಿಯುತ್ತೆ."

ಒಳಗಿನಿಂದ ಅತ್ತೆಯ ದನಿ ಬಂತು. "ಶಾಲೆ ಮಾತು ಶಾಲೇಲೇ ಇರ್ಲಿ. ಒಲೆ ಮೇಲಿರೋದು ಬೆಂತಾ ನೋಡು ಮೊದಲು."

ನನ್ನ ಗಂಡ ಲೆಯುಟಾ ನಮ್ಮ ಮನೆತನದ ಹಿರಿತನ ಹೊತ್ತ ಮತಾಯಿ. ಸಭೆಯಲ್ಲಿ ಮಾತಾಡುವ ಹಕ್ಕು ನಮ್ಮ ಮನೆಯಲ್ಲಿ ಅವರೊಬ್ಬರಿಗೇ. ಇಯಾನೆಟಾ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಅವರಿಂದಲೇ ಮತ್ತೊಮ್ಮೆ ಹೇಳಿಸಿದಳು. ಸಭೆಯ ಮನೆಗೆ ಗೋಡೆಗಳಿಲ್ಲ, ಬರೀ ಕಂಬಗಳು. ಒಬ್ಬೊಬ್ಬ ಮತಾಯಿಗೂ ಒರಗಲು ಒಂದೊಂದು ಕಂಬ. ನಾವು ಹೊರಗೆ ಹಲಸಿನ ಮರದ ಕೆಳಗೆ ಕೂತು ಕಿವಿಗೊಟ್ಟೆವು. ಲೆಯುಟಾ ಗಂಟಲು ಸರಿಮಾಡಿಕೊಂಡರು.

"ನಮ್ಮ ಮನೆ ಹೆಂಗಸರು ಏನು ಹೇಳ್ತಾರಪ್ಪಾ ಅಂದ್ರೆ…"

ಅಷ್ಟಕ್ಕೇ ಯಾರೋ ಕೂಗಿದರು: "ಏನು ಲೆಯುಟಾ, ನಿನ್ನ ಕಂಬಕ್ಕೆ ಈಗ ಹೆಂಗಸರು ಒರಗ್ತಿದ್ದಾರೋ?"

ಸಭೆ ನಕ್ಕಿತು. ನನ್ನ ಗಂಡ ಕಲಿತದ್ದರಲ್ಲಿ ಅರ್ಧ ಮರೆತು, ಆಸಿಡ್ ಕೆಟ್ಟದ್ದು, ಅಪಾಯ, ಎಂದಷ್ಟೇ ತೊದಲಿದರು. ಆಗ ತುಯಿಲಗಿಯವರು ಎದ್ದು ಕೋಲೂರಿ ನಿಂತರು.

"ಟೀಚರಮ್ಮ ಕಲಿತವಳು. ಒಪ್ಪಿದೆ. ನನ್ನ ಮೊಮ್ಮಗಳು ಅವಳ ಕ್ಲಾಸಲ್ಲೇ ಓದ್ತಾಳೆ. ನಾನು ಕೇಳ್ದೆ, ಮಗಾ, ಈ ಹೈಡ್ರೋಕ್ಲೋರಿಕ್ ಅಂದ್ರೆ ಏನು? ಅಜ್ಜಾ, ಅದು ನಮ್ಮ ಹೊಟ್ಟೇಲೇ ಇರುತ್ತೆ, ಉಂಡಿದ್ದನ್ನ ಅರಗಿಸುತ್ತೆ ಅಂದ್ಲು. ಹೇಳ್ಕೊಟ್ಟವರ್ಯಾರು? ಟೀಚರಮ್ಮನೇ! ಹಿರಿಯರೇ, ದೇವರು ತನ್ನ ಕೈಯಾರೆ ಮನುಷ್ಯನ ಹೊಟ್ಟೆಯೊಳಗೆ ಇಟ್ಟ ವಸ್ತು ದೇವರ ಮನೆ ಗೋಡೆಗೆ ಆಗಿಬರಲ್ವಾ?"

"ಮಾಲಿಯೆ! ಮಾಲಿಯೆ!" ಎಂದು ಸಭೆಯೆಲ್ಲ ಭೇಷ್ ಹೇಳಿತು. ಇಯಾನೆಟಾ ನೆಲದ ಹುಲ್ಲನ್ನು ಕಿತ್ತು ಕಿತ್ತು ಎಸೆಯುತ್ತಿದ್ದಳು. "ನಾನೇ ಹೇಳ್ಕೊಟ್ಟಿದ್ದು ಅಕ್ಕಾ. ನಂದೇ ಪಾಠ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಅವಳು ಅಲ್ಲಿಗೂ ಬಿಡಲಿಲ್ಲ. ಪಾದ್ರಿಗಳ ಹೆಂಡತಿಯ ಬಳಿ ಹೋದಳು. ಆಕೆ, "ನಾವೂ ಈ ಊರಿಗೆ ಹೊರಗಿನೋರೇ ಕಣಮ್ಮಾ, ಊರೋರು ಕೊಟ್ಟ ಮನೇಲಿ ಇರೋರು," ಎಂದು ಕೋಕೋ ಕುಡಿಸಿ ಕಳಿಸಿದರು. ಕೊನೆಗೆ ಅತ್ತೆಯನ್ನು ಕಾಡಿ ಬೇಡಿ, ಹೆಂಗಸರ ಸಂಘದ ಕೂಟದಲ್ಲಿ ಒಂದು ಪ್ರಯೋಗ ಮಾಡಿ ತೋರಿಸಲು ಒಪ್ಪಿಗೆ ಪಡೆದಳು. ತುಯಿಲಗಿಯವರೂ ಬಂದು ಮುಂದಿನ ಚಾಪೆಯಲ್ಲಿ ಕೂತರು.

ಮೂರು ಗಾಜಿನ ಲೋಟ ಇಟ್ಟಳು. ಒಂದರಲ್ಲಿ ವಿನೆಗರ್, ಒಂದರಲ್ಲಿ ನಿಂಬೆರಸ, ಮೂರನೆಯದರಲ್ಲಿ ಆ ಆಸಿಡ್. ಸುತ್ತ ಕೂಸುಮಕ್ಕಳು ಹರಿದಾಡುತ್ತಿದ್ದವೆಂದು ಆಸಿಡ್ಡಿಗೆ ಬೇಕಾದಷ್ಟು ನೀರು ಬೆರೆಸಿದ್ದಳು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಸುರಿಯಬಾರದು, ಸಿಡಿಯುತ್ತದೆ ಎಂದು ಅದನ್ನೂ ಹೇಳಿದಳು. ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆಮೇಲೆ ಒಂದೊಂದರೊಳಗೂ ಹವಳದ ಚೂರು ಹಾಕಿದಳು. ಅವಸರದಲ್ಲಿ ನಿಂಬೆರಸಕ್ಕೆ ಬಿದ್ದದ್ದು ಪುಡಿ, ಆಸಿಡ್ಡಿಗೆ ಬಿದ್ದದ್ದು ನುಣ್ಣನೆಯ ಗಟ್ಟಿ ಹೆಂಟೆ. ಪುಡಿಗೆ ಹುಳಿ ಬೇಗ ಹತ್ತುತ್ತದಂತೆ. ನಿಂಬೆರಸ ಭುಸ್ಸೆಂದು ನೊರೆಯೆದ್ದು ಲೋಟ ತುಂಬಿತು. ಆಸಿಡ್ಡಿನ ಲೋಟದಲ್ಲಿ ಗುಳ್ಳೆಗಳು ಸುಮ್ಮನೆ ಮೇಲೇಳುತ್ತಿದ್ದವು.

"ಅಯ್ಯೋ, ನಿಂಬೆಹಣ್ಣೇ ಜೋರು!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು.

"ಅಲ್ಲ, ಅದು ಪುಡಿ, ಇದು ಹೆಂಟೆ. ಸ್ವಲ್ಪ ಹೊತ್ತು ತಾಳಿ. ನಿಂಬೇದು ಸುಸ್ತಾಗುತ್ತೆ, ಇದು ಬಿಡಲ್ಲ, ತಿಂತಾನೇ ಇರುತ್ತೆ," ಎಂದಳು ಇಯಾನೆಟಾ.

"ಟೀಚರಮ್ಮಾ, ಹೆದರಬೇಕಾದ್ದು ನಿಂಬೆಹಣ್ಣಿಗೆ ಅಂತ ತೋರಿಸಿಕೊಟ್ರಿ. ಇನ್ಮೇಲೆ ಮೀನಿಗೆ ಹಿಂಡಬೇಡಿ," ಎಂದು ತುಯಿಲಗಿಯವರು ನಗುತ್ತ ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಚಾಪೆ ಸುತ್ತಿದ್ದೂ ಆಯಿತು. ನಾವಿಬ್ಬರೇ ಉಳಿದೆವು. ನಿಂಬೆರಸ ತಣ್ಣಗಾಯಿತು, ವಿನೆಗರ್ ತಣ್ಣಗಾಯಿತು. ಮೂರನೆಯ ಲೋಟದ ಹೆಂಟೆ ಮಾತ್ರ ಸವೆಯುತ್ತಲೇ ಇತ್ತು. ಸಂಜೆಯ ಪ್ರಾರ್ಥನೆಯ ಗಂಟೆಯ ಹೊತ್ತಿಗೆ ಕಡಲೆಕಾಳಿನಷ್ಟಾಗಿತ್ತು. ಅದನ್ನು ನೋಡಲು ಕೋಳಿಗಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ತೊಳೆಯುವ ದಿನ ಊರಿನ ಹೆಂಗಸರೆಲ್ಲ ತೆಂಗಿನ ಗರಿಕಡ್ಡಿಯ ಪೊರಕೆ ಹಿಡಿದು ಬಂದೆವು. ಇಯಾನೆಟಾ ಬರುವುದಿಲ್ಲ ಎನ್ನುವ ಹಾಗಿಲ್ಲ. ಅತ್ತೆಯ ಮಾನದ ಪ್ರಶ್ನೆ. ಬಂದವಳು ಕೈಗವಸು ಹಂಚಿದಳು. ಬಟ್ಟೆ ಬಿಳುಪು ಮಾಡುವ ಬ್ಲೀಚನ್ನು ಇದರ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆಂದು ಎಲ್ಲರ ಕೈಯಿಂದಲೂ ಬಾಟಲಿ ಕಿತ್ತುಕೊಂಡಳು. "ಏನು ದರ್ಬಾರಪ್ಪಾ ಇವಳದು!" ಎಂದು ಬೈಸಿಕೊಂಡಳು. ಆಸಿಡ್ ತಾಗಿದ ಕಡೆಯೆಲ್ಲ ಗೋಡೆ ಸೀಟಿಯೂದುವ ಹಾಗೆ ಸುಯ್ಯೆಂದಿತು. ಕಪ್ಪು ನೊರೆ ಇಳಿದು ಹರಿಯಿತು. ನಮ್ಮ ಕಣ್ಣಲ್ಲೆಲ್ಲ ನೀರು.

ಆಮೇಲೆ ನೀರು ಸುರಿದಾಗ ಏನಾಯಿತು ಗೊತ್ತೇ? ಗೋಡೆ ಬೆಳ್ಳಗಾಯಿತು! ಈಗಷ್ಟೇ ಒಡೆದ ತೆಂಗಿನಕಾಯಿಯ ಹಾಗೆ. ಊರೇ ಬಂದು ನೋಡಿತು. ತುಯಿಲಗಿಯವರು ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಸಿಡ್ನಿಗೆ ಕಳಿಸಿದರು. ಅತ್ತೆ ಮನೆಗೆ ಬರುತ್ತ, "ನೋಡ್ದ್ಯಾ? ಏನೋ ಆಗುತ್ತೆ ಅಂತಿದ್ದೆ," ಎಂದರು. ಇಯಾನೆಟಾ ಗೆಡ್ಡೆ ಮತ್ತು ಚಾಕು ತೆಗೆದುಕೊಂಡು ಹಿತ್ತಿಲಿಗೆ ಹೋದಳು.

ಮಳೆ ಹಿಡಿಯಿತು. ಮೊದಲು ಕಿಟಕಿಯ ಕೆಳಗೆ ಕೆಂಪು ಗೆರೆಗಳು ಇಳಿದವು. ಆಸಿಡ್ ಇಳಿದು, ಗೋಡೆಯೊಳಗೆ ಹುದುಗಿದ್ದ ಕಬ್ಬಿಣದ ಸರಳಿಗೆ ತುಕ್ಕು ಹತ್ತಿತ್ತು. ಆಮೇಲೆ ಗೋಡೆ ಒಣಗುವುದನ್ನೇ ಬಿಟ್ಟಿತು, ಮುಟ್ಟಿದರೆ ಮರಳು ಮರಳಾಗಿ ಕೈಗೆ ಬರುತ್ತಿತ್ತು. ಒಂದು ಭಾನುವಾರ ಉಪದೇಶದ ನಡುವೆ ತುಯಿಲಗಿಯವರು ಗೋಡೆಗೆ ಒರಗಿ ತೂಕಡಿಸಿದರು. ಎದ್ದು ಕಾಣಿಕೆಯ ತಟ್ಟೆ ಹಿಡಿದು ಹೊರಟಾಗ ಅವರ ಕಪ್ಪು ಲುಂಗಿಯ ಹಿಂಭಾಗವೆಲ್ಲ ಸುಣ್ಣ. ಹಾಡುತ್ತಿದ್ದ ಹುಡುಗಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಮುಂದಿನ ವಾರ ಗಾರೆಯ ಒಂದು ಚಕ್ಕೆ ಕಳಚಿ, ಹಾಡಿಗೆ ನುಡಿಸುವ ವಾದ್ಯದ ಮೇಲೇ ಬಿತ್ತು.

ವಿಚಾರಣೆಗೆ ಸಭೆ ಸೇರಿತು. ನಾವು ಎಂದಿನಂತೆ ಕಂಬಗಳ ಆಚೆ. ಆಸಿಡ್ ಕಳಪೆ ಎಂದರು, ಹೆಂಗಸರು ನೀರು ಸರಿಯಾಗಿ ಹೊಯ್ಯಲಿಲ್ಲ ಎಂದರು, ಮಳೆ ಹೆಚ್ಚಾಯಿತು ಎಂದರು. ಕೊನೆಗೆ ತುಯಿಲಗಿಯವರು ನಿಟ್ಟುಸಿರು ಬಿಟ್ಟು ಹೇಳಿದರು:

"ನಾವು ಓದದ ಜನ. ಊರಲ್ಲಿ ಕೆಮಿಸ್ಟ್ರಿ ಓದಿದವಳು ಒಬ್ಬಳಿದ್ದಾಳಲ್ಲ. ಗೊತ್ತಿದ್ದವಳು ಒಂದು ಮಾತು ಬಾಯಿ ಬಿಡಬಾರದಿತ್ತಾ?"

ನನ್ನ ಪಕ್ಕದಲ್ಲಿದ್ದ ಇಯಾನೆಟಾ ಎದ್ದು ನಿಂತಳು. ಹಿರಿಯರು ಕೂತಿರುವಾಗ ಮಾತುಗಾರರಲ್ಲದವರು ನಿಲ್ಲುವುದೇ ನಮ್ಮಲ್ಲಿ ದೊಡ್ಡ ತಪ್ಪು. ನಾನು ಅವಳ ಕೈ ಹಿಡಿದೆಳೆದೆ. ಕೈ ಕೊಡವಿದಳು.

"ಬಾಯಿ ಬಿಟ್ಟೆ! ಭಾವನ ಬಾಯಿಂದ ಹೇಳಿಸಿದೆ, ನಕ್ರಿ. ಲೋಟದಲ್ಲಿ ತೋರಿಸಿದೆ, ಎದ್ದು ಹೋದ್ರಿ. ಹೊಟ್ಟೇಲಿ ಇದೇ ಆಸಿಡ್ ಇದೆ ಅಂದ್ರಲ್ಲ, ಹೌದು, ಇದೆ. ಅದು ಹೊಟ್ಟೇನೇ ತಿನ್ನದ ಹಾಗೆ ದೇವರು ಒಳಗಡೆ ಲೋಳೆ ಬಳಿದಿದ್ದಾನೆ. ಈ ಗೋಡೆಗೆ ಯಾರು ಬಳಿದಿದ್ರು? ಅರ್ಧ ಪಾಠ ಕೇಳಿ ಬಂದು ಇನ್ನರ್ಧ ನಂಗೇ ಹೇಳ್ತೀರಿ! ಗೋಡೆ ಕರಗಿದ್ದಕ್ಕೂ ನಾನೇ, ಕರಗುತ್ತೆ ಅಂದಿದ್ದಕ್ಕೂ ನಾನೇ!"

ಅವಳ ದನಿ ಒಡೆದುಹೋಯಿತು. ಅವಳು ತಿರುಗಿ ಬಯಲು ದಾಟಿ ನಡೆದುಬಿಟ್ಟಳು.

ನಮ್ಮ ಮನೆಗೆ ದಂಡ ಬಿತ್ತು: ಒಂದು ದೊಡ್ಡ ಹಂದಿ, ಜೊತೆಗೆ ಡಬ್ಬಿ ಮೀನು. ನನ್ನ ಗಂಡ ತಲೆ ತಗ್ಗಿಸಿ ಒಪ್ಪಿಕೊಂಡರು. ಹಂದಿ ಅತ್ತೆಯದು, ಅವರೇ ತಿನ್ನಿಸಿ ಸಾಕಿದ್ದು. ಅದನ್ನು ಕಟ್ಟಿ ಕಳಿಸಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಇಯಾನೆಟಾ ಬೈಗುಳಕ್ಕೆ ಸಿದ್ಧಳಾಗಿ ತಲೆ ಬಗ್ಗಿಸಿದ್ದಳು.

"ಅಷ್ಟು ದೊಡ್ಡ ಹಂದಿ," ಎಂದರು ಅತ್ತೆ. "ಅದಕ್ಕೆ ಆಡಿದ್ದು ಇಷ್ಟೇ ಮಾತಾ? ಇನ್ನೊಂದು ಸ್ವಲ್ಪ ಆಡಬೇಕಿತ್ತು. ದಂಡ ಹೇಗೂ ಅಷ್ಟೇ ಇರ್ತಿತ್ತು."

ನಾನು ನಕ್ಕೆ. ಇಯಾನೆಟಾ ನಗಲಿಲ್ಲ. "ಅತ್ತೆ, ಇದನ್ನ ನೀವು ಮೊದಲೇ ಸಂಘದಲ್ಲಿ ಹೇಳಿದ್ದಿದ್ರೆ ಗೋಡೆ ಉಳೀತಿತ್ತು," ಎಂದಳು. ಅತ್ತೆ ಒಲೆಯ ಬೂದಿ ಕೆದಕಿ ಹೊರಗೆ ಹೋದರು.

ನೂರರ ಉತ್ಸವ ನಡೆಯಿತು. ಗೋಡೆಯ ಕೆಟ್ಟ ಭಾಗಕ್ಕೆಲ್ಲ ಚಾಪೆ, ಹೂಮಾಲೆ ತೂಗಿಬಿಟ್ಟರು. ನೆಂಟರು ಹೋದ ಮೇಲೆ ಪಾದ್ರಿಗಳೇ ಮುಂದಾಗಿ, ಇನ್ನು ರಿಪೇರಿಗೆ ಇಯಾನೆಟಾಳನ್ನು ಕೇಳಿ ಎಂದರು. ಅವಳು ಹೇಳಿ ಕಳಿಸಿದಳು: ಸಡಿಲ ಗಾರೆ ಕೆರೆದು ತೆಗೆಯಿರಿ. ಹೊರಗೆ ಕಂಡ ಸರಳಿಗೆ ಬ್ರಷ್ಷಿನಿಂದ ಫಾಸ್ಫಾರಿಕ್ ಆಸಿಡ್ ಹಚ್ಚಿ, ಅದು ತುಕ್ಕನ್ನೇ ಕಪ್ಪು ಪದರ ಮಾಡಿ ಕೂರಿಸುತ್ತೆ. ಕಬ್ಬಿಣಕ್ಕೆ ಮಾತ್ರ, ಗೋಡೆಗಲ್ಲ. ಆಮೇಲೆ ಹೊಸ ಸುಣ್ಣದ ಗಾರೆ. ಆ ಆಸಿಡ್ ತರಲು ಹೊರಟವರು ಮತ್ತೆ ತುಯಿಲಗಿಯವರೇ.

ಮೂರನೆಯ ದಿನ ಅವರು ನಮ್ಮ ಹಿತ್ತಿಲಿಗೇ ಬಂದರು. ಅಷ್ಟು ದೊಡ್ಡ ಮನುಷ್ಯರು ಅಡಿಗೆಮನೆಯ ಕಡೆ ಕಾಲಿಟ್ಟದ್ದು ನಾನು ಕಂಡಿರಲಿಲ್ಲ. ಕೈಯಲ್ಲೊಂದು ಕ್ಯಾನು. ಇಯಾನೆಟಾ ಅದನ್ನು ತಿರುಗಿಸಿ ಓದಿದಳು.

"ಇದು ಬ್ಯಾಟರಿಗೆ ಹಾಕೋ ಸಲ್ಫ್ಯೂರಿಕ್. ನಾನು ಹೇಳಿದ್ದು ಫಾಸ್ಫಾರಿಕ್."

"ಅಂಗಡೀಲಿ ಅದು ಇರಲಿಲ್ಲ ಟೀಚರಮ್ಮಾ. ಇದೂ ಆಸಿಡ್ಡೇ ಅಂದ ಅಂಗಡಿಯವ್ನು. ಆಗಲ್ವಾ?" ಎಂದರು ತುಯಿಲಗಿಯವರು. ಅವರ ದನಿಯಲ್ಲಿ ಹಾಸ್ಯವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದರು.

ಇಯಾನೆಟಾ ಕಣ್ಣು ಮುಚ್ಚಿ ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟಳು. ಕ್ಯಾನನ್ನು ಮಕ್ಕಳಿಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಳು. ಕೈ ತೊಳೆದುಕೊಂಡು ಬಂದು ಚಾಪೆಯೊಂದನ್ನು ಕೊಡವಿ ಹಾಸಿದಳು.

"ಕೂತ್ಕೊಳ್ಳಿ," ಎಂದಳು. "ಈ ಸಲ ಪೂರ್ತಿ ಕೇಳ್ಕೊಂಡೇ ಏಳಬೇಕು."

ತುಯಿಲಗಿಯವರು ಸುತ್ತ ನೋಡಿದರು. ಬೇರೆ ಮತಾಯಿಗಳು ಯಾರೂ ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾಲು ಮಡಚಿ ಕೂತರು.